ಒಳಗೆ ಡೆನ್ಸ್ ಆಗಿ ಕೂತರೆ ಸಾಕಾ? ನಾನ್-ಸೆಪರಬಲ್ ಬನಾಖ್ ಸ್ಪೇಸ್‌ಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಾನು ಬೀದರ್‌ನವಳು. ಎಂ.ಎಸ್ಸಿ ಗಣಿತ, ಎರಡನೇ ವರ್ಷ. ಎರಡು ಬನಾಖ್ ಸ್ಪೇಸ್‌ಗಳ ಡೆನ್ಸ್ ಸಬ್‌ಸ್ಪೇಸ್‌ಗಳು ಐಸೊಮಾರ್ಫಿಕ್ ಆದರೆ ಆ ಎರಡು ಸ್ಪೇಸ್‌ಗಳೂ ಐಸೊಮಾರ್ಫಿಕ್ ಅಂತ ಕಲಿತೆವು. ಆದರೆ ಎಲ್-ಟೂ ಸ್ಪೇಸ್ ಸಿ-ನಾಟ್ ಒಳಗೆ ಡೆನ್ಸ್ ಆಗಿದೆ, ಎರಡೂ ಐಸೊಮಾರ್ಫಿಕ್ ಅಲ್ಲ. ಇದು ಹೇಗೆ? ಇನ್ನೊಂದು ಮಾತು. ಸೆಪರಬಲ್ ಸ್ಪೇಸ್‌ಗಳಲ್ಲಿ ಯಾವುದನ್ನು ಬೇಕಾದರೂ ಇನ್ನೊಂದರೊಳಗೆ ಡೆನ್ಸ್ ಆಗಿ ಕೂರಿಸಬಹುದು ಅಂತ ಓದಿದೆ. ನಾನ್-ಸೆಪರಬಲ್ ಸ್ಪೇಸ್‌ಗಳಲ್ಲೂ, ಎರಡರ ಡೆನ್ಸಿಟಿ ಒಂದೇ ಇದ್ದರೆ, ಇದು ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಅನ್ನೋದಕ್ಕೆ ಕಾರಣ ಒಂದೇ, ಅದೂ ತುಂಬಾ ಸರಳ. ಅಲ್ಲಿಗೆ ಹೋಗುವ ಮೊದಲು ನಿಮ್ಮ ಮೊದಲ ಗೊಂದಲ ಬಿಡಿಸೋಣ. ಹೊಸಬರಿಗಾಗಿ ಪದಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ನಾರ್ಮ್ ಅಂದರೆ ವೆಕ್ಟರ್‌ನ ಉದ್ದ. ನಾರ್ಮ್ ಇದ್ದು, ಕಂಪ್ಲೀಟ್ ಆಗಿರುವ (ಪ್ರತಿ ಕೋಶಿ ಸೀಕ್ವೆನ್ಸ್‌ಗೂ ಒಳಗೇ ಲಿಮಿಟ್ ಸಿಗುವ) ವೆಕ್ಟರ್ ಸ್ಪೇಸ್ ಬನಾಖ್ ಸ್ಪೇಸ್. ಎರಡೂ ದಿಕ್ಕಿನಲ್ಲಿ ಬೌಂಡೆಡ್ ಆದ ಲೀನಿಯರ್ ಮ್ಯಾಪ್‌ನಿಂದ ಒಂದಕ್ಕೊಂದು ಹೊಂದಿದರೆ ಎರಡು ಸ್ಪೇಸ್‌ಗಳು ಐಸೊಮಾರ್ಫಿಕ್. ಪ್ರತಿ ಬಿಂದುವಿನ ಎಷ್ಟು ಹತ್ತಿರಕ್ಕೆ ಬೇಕಾದರೂ ತಲುಪುವ ಸೆಟ್ ಡೆನ್ಸ್. ಅಂಥ ಸೆಟ್‌ನ ಅತಿ ಚಿಕ್ಕ ಗಾತ್ರವೇ ಡೆನ್ಸಿಟಿ; ಅದು ಎಣಿಕೆಗೆ ಸಿಕ್ಕರೆ, ಅಂದರೆ 1, 2, 3 ಅಂತ ಪಟ್ಟಿ ಮಾಡಲು ಬಂದರೆ, ಸ್ಪೇಸ್ ಸೆಪರಬಲ್. ಎಲ್-ಟೂದಲ್ಲಿ ವರ್ಗಗಳ ಮೊತ್ತ ಫೈನೈಟ್ ಆದ ಸೀಕ್ವೆನ್ಸ್‌ಗಳಿವೆ, ಉದ್ದ ಆ ಮೊತ್ತದ ವರ್ಗಮೂಲ. ಸಿ-ನಾಟ್‌ನಲ್ಲಿ ಸೊನ್ನೆಗೆ ಹೋಗುವ ಸೀಕ್ವೆನ್ಸ್‌ಗಳಿವೆ, ಉದ್ದ ಚಿಹ್ನೆ ಬಿಟ್ಟು ಅತಿ ದೊಡ್ಡ ಸಂಖ್ಯೆ.

ನೀವು ಕಲಿತ ಥಿಯರಮ್ ಸರಿಯಾಗಿಯೇ ಇದೆ. ಬೌಂಡೆಡ್ ಲೀನಿಯರ್ ಆಪರೇಟರ್ ಒಂದು ಡೆನ್ಸ್ ಸಬ್‌ಸ್ಪೇಸ್ ಮೇಲೆ ಗೊತ್ತಿದ್ದರೆ, ಪೂರ್ತಿ ಸ್ಪೇಸ್ ಮೇಲೂ ಗೊತ್ತಾದ ಹಾಗೆ. ಯಾವುದೇ ಬಿಂದುವಿಗೆ ಸಬ್‌ಸ್ಪೇಸ್‌ನಿಂದ ಒಂದು ಸೀಕ್ವೆನ್ಸ್ ಹತ್ತಿರ ಬರುತ್ತದೆ. ಅದರ ಇಮೇಜ್ ಕೋಶಿ ಸೀಕ್ವೆನ್ಸ್ ಆಗುತ್ತದೆ. ಆಚೆ ಕಡೆ ಕಂಪ್ಲೀಟ್ ಇರುವುದರಿಂದ ಅದಕ್ಕೊಂದು ಲಿಮಿಟ್ ಸಿಗುತ್ತದೆ. ಇನ್ವರ್ಸ್‌ಗೂ ಹೀಗೇ ಮಾಡಿ. ಎರಡನ್ನೂ ಜೋಡಿಸಿದರೆ ಐಡೆಂಟಿಟಿ ಬರುತ್ತದೆ. ಅಷ್ಟೇ ಪ್ರೂಫ್. ಸೆಪರಬಲ್ ಇರಲಿ, ನಾನ್-ಸೆಪರಬಲ್ ಇರಲಿ, ಇದರಲ್ಲಿ ಏನೂ ಬದಲಾಗುವುದಿಲ್ಲ.

ಆದರೆ ಎಲ್-ಟೂ ಸಿ-ನಾಟ್ ಒಳಗೆ ಕೂತಾಗ ಅದರ ಮೇಲೆ ಯಾವ ನಾರ್ಮ್ ಇದೆ ಅಂತ ಕೇಳಿಕೊಳ್ಳಿ. ಒಳಗೆ ಕೂತ ಮೇಲೆ ಅದು ಸಿ-ನಾಟ್‌ನ ನಾರ್ಮ್ ಹೊತ್ತುಕೊಂಡಿದೆ, ತನ್ನದನ್ನಲ್ಲ. ಒಂದು ವೆಕ್ಟರ್ ತಗೊಳ್ಳಿ: ಮೊದಲ 100 ಜಾಗದಲ್ಲಿ 1, ಉಳಿದ ಕಡೆ ಸೊನ್ನೆ. ಸಿ-ನಾಟ್‌ನಲ್ಲಿ ಇದರ ಉದ್ದ 1. ಎಲ್-ಟೂದಲ್ಲಿ 10. ಜಾಗ 10,000 ಮಾಡಿ. ಸಿ-ನಾಟ್‌ನಲ್ಲಿ ಉದ್ದ ಈಗಲೂ 1, ಎಲ್-ಟೂದಲ್ಲಿ 100. ಅಂದರೆ ಎಲ್-ಟೂದಿಂದ ಸಿ-ನಾಟ್‌ಗೆ ಹೋಗುವ ದಾರಿ ಬೌಂಡೆಡ್, ವಾಪಸ್ ಬರುವ ದಾರಿ ಬೌಂಡೆಡ್ ಅಲ್ಲ. ನಿಮ್ಮ ಥಿಯರಮ್‌ಗೆ ಎರಡೂ ದಾರಿ ಬೇಕು. ಹಾಗಾಗಿ ಅದು ಇಲ್ಲಿ ಅನ್ವಯ ಆಗುವುದೇ ಇಲ್ಲ.

'ಡೆನ್ಸ್ ಆಗಿ ಕೂರಿಸುವುದು' ಅಂದರೆ ಇಷ್ಟೇ: ಒನ್-ಒನ್ ಆದ, ರೇಂಜ್ ಡೆನ್ಸ್ ಆದ ಒಂದು ಬೌಂಡೆಡ್ ಆಪರೇಟರ್. ಇದು ಐಸೊಮಾರ್ಫಿಸಮ್‌ಗಿಂತ ತುಂಬಾ ಸಡಿಲವಾದ ಸಂಬಂಧ. ನಾನೂ ಎಂ.ಎಸ್ಸಿ ಓದುವಾಗ ಈ ಎರಡನ್ನೂ ಒಂದೇ ಅಂದುಕೊಂಡು ಒಂದು ಪುಟ ಉತ್ತರ ಬರೆದಿದ್ದೆ. ನಮ್ಮ ಮೇಷ್ಟ್ರು ಆ ಪುಟದ ಅಂಚಿನಲ್ಲಿ 'ಯಾವ ನಾರ್ಮ್?' ಅಂತ ಎರಡೇ ಪದ ಬರೆದು ಕೊಟ್ಟರು. ಇವತ್ತಿಗೂ ಡೆನ್ಸ್ ಅನ್ನೋ ಪದ ಕಂಡರೆ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಅದೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಅಸಲಿ ವಿಷಯ ಇರುವುದು ಅಲ್ಲಿ.

ಸೆಪರಬಲ್ ಸ್ಪೇಸ್‌ಗಳ ಬಗ್ಗೆ ನೀವು ಓದಿದ್ದು ನಿಜ. ಇನ್ಫೈನೈಟ್ ಡೈಮೆನ್ಶನ್ ಇರುವ ಯಾವುದೇ ಎರಡು ಸೆಪರಬಲ್ ಬನಾಖ್ ಸ್ಪೇಸ್ ತಗೊಳ್ಳಿ, ಒಂದರಿಂದ ಇನ್ನೊಂದಕ್ಕೆ ಅಂಥ ಆಪರೇಟರ್ ಇದ್ದೇ ಇರುತ್ತದೆ. ಕಟ್ಟುವ ರೀತಿ ಹೀಗೆ. ಪ್ರತಿ ಸೆಪರಬಲ್ ಬನಾಖ್ ಸ್ಪೇಸ್‌ಗೂ ಒಂದು ವಿಶೇಷ ಜೋಡಿ ಪಟ್ಟಿ ಇರುತ್ತದೆ ಅಂತ ಮಾರ್ಕುಶೆವಿಚ್ 1943ರಲ್ಲಿ ತೋರಿಸಿದರು. ಪಟ್ಟಿಯಲ್ಲಿ ವೆಕ್ಟರ್‌ಗಳಿವೆ, ಒಂದೊಂದಕ್ಕೂ ಒಂದು ಫಂಕ್ಷನಲ್ (ವೆಕ್ಟರ್‌ಗೆ ಒಂದು ಸಂಖ್ಯೆ ಕೊಡುವ ಬೌಂಡೆಡ್ ಲೀನಿಯರ್ ಮ್ಯಾಪ್) ಇದೆ. ಒಂದನೇ ಫಂಕ್ಷನಲ್ ಒಂದನೇ ವೆಕ್ಟರ್ ಮೇಲೆ 1, ಉಳಿದವುಗಳ ಮೇಲೆ ಸೊನ್ನೆ. ವೆಕ್ಟರ್‌ಗಳ ಸ್ಪ್ಯಾನ್ ಡೆನ್ಸ್. ಎಲ್ಲ ಫಂಕ್ಷನಲ್‌ಗಳೂ ಸೊನ್ನೆ ಆಗುವ ವೆಕ್ಟರ್ ಸೊನ್ನೆ ಮಾತ್ರ. ಈಗ ಈ ಕಡೆಯ ಫಂಕ್ಷನಲ್‌ನಿಂದ ಒಂದು ಸಂಖ್ಯೆ ಅಳೆದುಕೊಳ್ಳಿ. ಅದನ್ನು ಆ ಕಡೆಯ ವೆಕ್ಟರ್‌ಗೆ ಗುಣಿಸಿ, ಮೊದಲನೆಯದಕ್ಕೆ 1/2, ಎರಡನೆಯದಕ್ಕೆ 1/4, ಮೂರನೆಯದಕ್ಕೆ 1/8 ಅಂತ ಚಿಕ್ಕದು ಮಾಡುತ್ತಾ ಕೂಡಿಸಿ. ನಾರ್ಮ್‌ಗಳಿಂದಲೂ ಭಾಗಿಸಿಕೊಂಡರೆ ಕೂಡಿಕೆ ಖಂಡಿತ ಕನ್ವರ್ಜ್ ಆಗುತ್ತದೆ. ಒನ್-ಒನ್, ರೇಂಜ್ ಡೆನ್ಸ್ ಅನ್ನೋದನ್ನು ನೀವೇ ಎರಡು ಸಾಲಿನಲ್ಲಿ ನೋಡಬಹುದು.

ಈ ಕಟ್ಟಡ ನಿಂತಿರುವುದು ಯಾವುದರ ಮೇಲೆ? 1/2, 1/4, 1/8 ಮೇಲೆ. ಎಲ್ಲರಿಗೂ ಸೊನ್ನೆಯಲ್ಲದ ಪಾಲು ಕೊಟ್ಟೆವು, ಆದರೂ ಒಟ್ಟು ಮೊತ್ತ 1 ದಾಟಲಿಲ್ಲ. ಪಟ್ಟಿ ಎಣಿಕೆಗೆ ಸಿಗದಷ್ಟು ದೊಡ್ಡದಾದರೆ ಈ ಉಪಾಯ ಸತ್ತುಹೋಗುತ್ತದೆ.

ನಮ್ಮ ಕಲಬುರಗಿಯಲ್ಲಿ ಇದನ್ನು ಗಂಜ್‌ನಲ್ಲಿ ನಿಂತು ವಿವರಿಸಬಹುದು. ಒಂದು ಕ್ವಿಂಟಲ್ ತೊಗರಿ ಇದೆ, 100 ಕಿಲೋ. ಎಷ್ಟೋ ಮನೆಗಳಿಗೆ ಹಂಚಿದಿರಿ. 1 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ಸಿಕ್ಕ ಮನೆಗಳು ಎಷ್ಟು? 100 ದಾಟಲಾರವು. 100 ಗ್ರಾಂ ಅಥವಾ ಜಾಸ್ತಿ ಸಿಕ್ಕವು 1,000 ದಾಟಲಾರವು. 10 ಗ್ರಾಂ ಆದರೆ 10,000. ತಕ್ಕಡಿ ಎಷ್ಟೇ ಸೂಕ್ಷ್ಮ ಇರಲಿ, ಪ್ರತಿ ಮಟ್ಟದಲ್ಲೂ ಸಿಗುವುದು ಫೈನೈಟ್ ಮನೆಗಳು. ಒಂದೇ ಒಂದು ಕಣ ಸಿಕ್ಕ ಮನೆಯೂ ಯಾವುದೋ ಒಂದು ಮಟ್ಟದಲ್ಲಿ ಲೆಕ್ಕಕ್ಕೆ ಬಂದೇ ಬರುತ್ತದೆ. ಹಾಗಾಗಿ ಏನಾದರೂ ಸಿಕ್ಕ ಮನೆಗಳೆಲ್ಲ ಸೇರಿ ಎಣಿಕೆಗೆ ಸಿಗುವಷ್ಟೇ. ಮನೆಗಳು ಎಣಿಕೆಗೆ ಸಿಗದಷ್ಟು ಇದ್ದರೆ, ಹೆಚ್ಚುಕಡಿಮೆ ಎಲ್ಲರ ಚೀಲವೂ ಖಾಲಿ.

ಇದನ್ನು ತೊಗರಿ ಲೆಕ್ಕ ಅಂತ ಕರೆಯೋಣ. ಮುಂದಿನ ಮೂರು ಪ್ರೂಫ್‌ಗಳಲ್ಲೂ ಇದೇ ಕೆಲಸ ಮಾಡುವುದು.

ಮೊದಲ ಉದಾಹರಣೆಗೆ ನಿಮ್ಮದೇ ಎಲ್-ಟೂ, ಸಿ-ನಾಟ್ ಜೋಡಿಯನ್ನು ದೊಡ್ಡದು ಮಾಡೋಣ. ಗಾಮಾ ಅನ್ನೋದು ಎಣಿಕೆಗೆ ಸಿಗದ ಒಂದು ಸೆಟ್ ಇರಲಿ. ಜಾಗಗಳನ್ನು 1, 2, 3 ಅಂತ ಎಣಿಸುವ ಬದಲು ಗಾಮಾದ ಸದಸ್ಯರಿಂದ ಗುರುತಿಸಿ. ಆಗ ಗಾಮಾ ಮೇಲಿನ ಎಲ್-ಟೂ, ಗಾಮಾ ಮೇಲಿನ ಸಿ-ನಾಟ್ ಸಿಗುತ್ತವೆ. ಎರಡರ ಡೆನ್ಸಿಟಿಯೂ ಗಾಮಾದಷ್ಟೇ. ಕೆಲವೇ (ಅಂದರೆ ಫೈನೈಟ್) ಜಾಗದಲ್ಲಿ ಸೊನ್ನೆಯಲ್ಲದ ವೆಕ್ಟರ್‌ಗಳು ಎರಡರಲ್ಲೂ ಡೆನ್ಸ್. ಎಲ್-ಟೂದಿಂದ ಸಿ-ನಾಟ್‌ಗೆ ಮೊದಲಿನ ಹಾಗೇ ಹೋಗಬಹುದು. ವಾಪಸ್ ಬರುವ ಯಾವುದಾದರೂ ಬೌಂಡೆಡ್ ಆಪರೇಟರ್ ಇದೆಯಾ, ಒನ್-ಒನ್ ಆಗಿ?

ಇಲ್ಲ. ಅಂಥ ಆಪರೇಟರ್‌ಗೆ ಟಿ ಅಂತ ಹೆಸರಿಡಿ, ಅದರ ನಾರ್ಮ್ 1 ಇರಲಿ. ಹಿಲ್ಬರ್ಟ್ ಸ್ಪೇಸ್‌ನಲ್ಲಿ ಪ್ಯಾರಲಲೋಗ್ರಾಮ್ ನಿಯಮ ನಿಮಗೆ ಗೊತ್ತು. ಎರಡು ವೆಕ್ಟರ್‌ಗಳ ಮೊತ್ತದ ಉದ್ದದ ವರ್ಗ, ವ್ಯತ್ಯಾಸದ ಉದ್ದದ ವರ್ಗ, ಇವೆರಡರ ಸರಾಸರಿ ತಗೊಂಡರೆ ಆ ಎರಡು ವೆಕ್ಟರ್‌ಗಳ ಉದ್ದಗಳ ವರ್ಗಗಳ ಮೊತ್ತ ಬರುತ್ತದೆ. ಅಡ್ಡ ಪದಗಳು ಒಂದು ಸಲ ಕೂಡಿ, ಒಂದು ಸಲ ಕಳೆದು ಹೋಗುತ್ತವೆ. ಮೂರು ವೆಕ್ಟರ್ ಇದ್ದರೆ ಕೂಡು-ಕಳೆ ಚಿಹ್ನೆಗಳನ್ನು ಎಂಟು ರೀತಿ ಹಾಕಿ ಸರಾಸರಿ ತಗೊಳ್ಳಿ, ಇದೇ ಫಲ. ಎಷ್ಟು ವೆಕ್ಟರ್ ಇದ್ದರೂ ಹೀಗೇ.

ಈಗ ಗಾಮಾದಿಂದ ಕೆಲವು ಜಾಗ ಆರಿಸಿ. ಪ್ರತಿ ಜಾಗದ ಯೂನಿಟ್ ವೆಕ್ಟರ್‌ಗೂ ಕೂಡು ಅಥವಾ ಕಳೆ ಚಿಹ್ನೆ ಹಾಕಿ ಕೂಡಿಸಿ. ಚಿಹ್ನೆ ಹೇಗೇ ಹಾಕಿದರೂ ಸಿ-ನಾಟ್‌ನಲ್ಲಿ ಈ ಮೊತ್ತದ ಉದ್ದ 1. ಇಡೀ ಪ್ರೂಫ್‌ನ ಜೀವ ಇಲ್ಲಿದೆ. ಟಿ ಹಾಕಿದ ಮೇಲೂ ಉದ್ದ 1 ದಾಟುವಂತಿಲ್ಲ. ಚಿಹ್ನೆಗಳ ಮೇಲೆ ವರ್ಗದ ಸರಾಸರಿ ತಗೊಂಡರೆ, ಯೂನಿಟ್ ವೆಕ್ಟರ್‌ಗಳ ಇಮೇಜ್‌ಗಳ ಉದ್ದಗಳ ವರ್ಗಗಳೆಲ್ಲ ಸೇರಿ 1 ದಾಟುವುದಿಲ್ಲ. ನೀವು 10 ಜಾಗ ಆರಿಸಿದರೂ ಅಷ್ಟೇ, 10 ಲಕ್ಷ ಆರಿಸಿದರೂ ಅಷ್ಟೇ. ಉದ್ದ 1/10 ಅಥವಾ ಜಾಸ್ತಿ ಇರುವ ಇಮೇಜ್‌ಗಳು 100 ದಾಟಲಾರವು. ಇದು ತೊಗರಿ ಲೆಕ್ಕವೇ ಅಲ್ವಾ?

ಹಾಗಾಗಿ ಎಣಿಕೆಗೆ ಸಿಗುವಷ್ಟು ಜಾಗ ಬಿಟ್ಟು, ಉಳಿದ ಎಲ್ಲ ಯೂನಿಟ್ ವೆಕ್ಟರ್‌ಗಳನ್ನೂ ಟಿ ಸೊನ್ನೆಗೆ ಕಳಿಸುತ್ತದೆ. ಒನ್-ಒನ್ ಆಗುವ ಮಾತೇ ಇಲ್ಲ. ಅಷ್ಟೇ ಅಲ್ಲ, ಟಿಯ ರೇಂಜ್ ಸೆಪರಬಲ್. ಗಾಮಾ ಮೇಲಿನ ಎಲ್-ಟೂದಲ್ಲಿ ಅದು ಡೆನ್ಸ್ ಆಗಲೂ ಆಗದು. ಒಂದು ಕಡೆ ದಾರಿ ಇದೆ. ಇನ್ನೊಂದು ಕಡೆ ಪೂರ್ತಿ ಬಂದ್.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ನೋಡಿ. ಡೆನ್ಸಿಟಿ ಒಂದೇ ಇರುವ ಇನ್ಫೈನೈಟ್ ಡೈಮೆನ್ಶನ್ ಬನಾಖ್ ಸ್ಪೇಸ್‌ಗಳೆಲ್ಲ ಟೊಪೊಲಜಿ ದೃಷ್ಟಿಯಿಂದ ಒಂದೇ, ಅಂದರೆ ಹೋಮಿಯೊಮಾರ್ಫಿಕ್. ಸೆಪರಬಲ್ ಸ್ಪೇಸ್‌ಗಳಿಗೆ ಇದನ್ನು ಕಾಡೆಟ್ಸ್ 1967ರಲ್ಲಿ ಸಾಧಿಸಿದರು. ಎಲ್ಲ ಡೆನ್ಸಿಟಿಗಳಿಗೂ ಟೊರುನ್‌ಚಿಕ್ 1981ರಲ್ಲಿ ಮುಗಿಸಿದರು. ಅಂದರೆ ಮೇಲಿನ ಎರಡು ಸ್ಪೇಸ್‌ಗಳನ್ನು ಹರಿಯದೆ ಎಳೆದು ಬಾಗಿಸಿ ಒಂದನ್ನು ಇನ್ನೊಂದು ಮಾಡಬಹುದು. ಆದರೆ ಲೀನಿಯರ್ ಆಗಿ ಮಾಡಿ ಅಂದ ಕೂಡಲೇ ಸಿ-ನಾಟ್‌ನಿಂದ ಎಲ್-ಟೂಗೆ ಒನ್-ಒನ್ ಆಗಿ ಕಾಲಿಡಲೂ ಆಗುವುದಿಲ್ಲ. ಡೆನ್ಸಿಟಿ ಅನ್ನೋ ಸಂಖ್ಯೆ ಟೊಪೊಲಜಿಯನ್ನು ಪೂರ್ತಿ ಹೇಳುತ್ತದೆ, ಲೀನಿಯರ್ ರಚನೆಯ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಜಾಗ ಇದು.

ಬರೀ ಆಲ್ಜೀಬ್ರಾದ ಡೈಮೆನ್ಶನ್ ನೋಡಿದರೂ ಉಪಯೋಗ ಇಲ್ಲ. ಸಿ-ನಾಟ್ ಸೆಪರಬಲ್, ಎಲ್ಲ ಬೌಂಡೆಡ್ ಸೀಕ್ವೆನ್ಸ್‌ಗಳ ಸ್ಪೇಸ್ ಆದ ಎಲ್-ಇನ್ಫಿನಿಟಿ ಅಲ್ಲ. ಆದರೆ ಎರಡರ ಹಾಮೆಲ್ ಬೇಸಿಸ್‌ನ (ಫೈನೈಟ್ ಮೊತ್ತಗಳಿಂದಲೇ ಪ್ರತಿ ವೆಕ್ಟರನ್ನೂ ಕೊಡುವ ಆಲ್ಜೀಬ್ರಾದ ಬೇಸಿಸ್) ಗಾತ್ರ ಒಂದೇ, ರಿಯಲ್ ಸಂಖ್ಯೆಗಳಷ್ಟು. ನಾರ್ಮ್ ಮರೆತರೆ ಎರಡೂ ಒಂದೇ ವೆಕ್ಟರ್ ಸ್ಪೇಸ್.

ಎರಡನೇ ಉದಾಹರಣೆ ಎಲ್-ಇನ್ಫಿನಿಟಿ ಮತ್ತು ಅದನ್ನು ಸಿ-ನಾಟ್‌ನಿಂದ ಭಾಗಿಸಿದಾಗ, ಅಂದರೆ ಸಿ-ನಾಟ್‌ನ ಎಲ್ಲ ವೆಕ್ಟರ್‌ಗಳನ್ನೂ ಸೊನ್ನೆ ಅಂತ ಎಣಿಸಿದಾಗ, ಬರುವ ಕೋಶೆಂಟ್. ಇಲ್ಲೂ ಎರಡರ ಡೆನ್ಸಿಟಿ ಒಂದೇ, ರಿಯಲ್ ಸಂಖ್ಯೆಗಳಷ್ಟು. ಎಲ್-ಇನ್ಫಿನಿಟಿಯಿಂದ ಕೋಶೆಂಟ್‌ಗೆ ಆನ್‌ಟು ಮ್ಯಾಪ್ ಇದ್ದೇ ಇದೆ. ಕೋಶೆಂಟ್‌ನಿಂದ ಎಲ್-ಇನ್ಫಿನಿಟಿಗೆ ಒನ್-ಒನ್ ಬೌಂಡೆಡ್ ಆಪರೇಟರ್ ಮಾತ್ರ ಇಲ್ಲ. ಸಿ-ನಾಟ್ ಎಲ್-ಇನ್ಫಿನಿಟಿಯಲ್ಲಿ ಕಾಂಪ್ಲಿಮೆಂಟೆಡ್ ಅಲ್ಲ (ಅದರ ಮೇಲೆ ಬೌಂಡೆಡ್ ಪ್ರೊಜೆಕ್ಷನ್ ಇಲ್ಲ) ಅಂತ 1940ರಲ್ಲಿ ಫಿಲಿಪ್ಸ್ ತೋರಿಸಿದ್ದು ಇದಕ್ಕೆ ಸೇರಿದ ಮಾತು. 1966ರಲ್ಲಿ ವಿಟ್ಲಿ ಕೊಟ್ಟ ಚಿಕ್ಕ ಪ್ರೂಫ್ ಕೆಳಗಿನದು.

ಒಂದು ರಸ್ತೆ ಕಲ್ಪಿಸಿಕೊಳ್ಳಿ. ಪ್ರತಿ ಕ್ರಾಸ್‌ನಲ್ಲೂ ಎಡಕ್ಕೊಂದು, ಬಲಕ್ಕೊಂದು ದಾರಿ, ಮುಂದೆ ಮತ್ತೆ ಕ್ರಾಸ್, ಕೊನೆಯೇ ಇಲ್ಲ. ಒಮ್ಮೆ ಕವಲೊಡೆದ ದಾರಿಗಳು ಮತ್ತೆ ಕೂಡುವುದಿಲ್ಲ. ಎಲ್ಲ ಕ್ರಾಸ್‌ಗಳಿಗೂ 1, 2, 3 ಅಂತ ಕಲ್ಲು ನೆಟ್ಟು ನಂಬರ್ ಕೊಡಬಹುದು. ಆದರೆ ಪ್ರಯಾಣಗಳು ಎಣಿಕೆಗೆ ಸಿಗದಷ್ಟು. ಬೇರೆ ಬೇರೆ ದಾರಿ ಹಿಡಿದ ಇಬ್ಬರು ಸ್ವಲ್ಪ ದೂರ ಜೊತೆಗೆ ಹೋಗಿ, ಒಂದು ಕಡೆ ಬೇರೆ ಆದರೆ ಮುಗಿಯಿತು. ಇಬ್ಬರಿಗೂ ಸೇರಿದ ಕ್ರಾಸ್‌ಗಳು ಕೆಲವೇ. ಪ್ರತಿ ಪ್ರಯಾಣಕ್ಕೂ ಒಂದು ವೆಕ್ಟರ್ ಬರೆಯಿರಿ: ದಾಟಿದ ಕ್ರಾಸ್‌ನ ನಂಬರ್ ಇರುವಲ್ಲಿ 1, ಉಳಿದ ಕಡೆ 0.

ಇಂಥ ಹಲವು ವೆಕ್ಟರ್‌ಗಳನ್ನು ಯಾವುದೇ ಚಿಹ್ನೆ ಹಾಕಿ ಕೂಡಿಸಿ. ಅವು ಒಂದರ ಮೇಲೊಂದು ಬೀಳುವುದು ಕೆಲವೇ ಜಾಗದಲ್ಲಿ. ಕೋಶೆಂಟ್‌ನಲ್ಲಿ ಕೆಲವೇ ಜಾಗಕ್ಕೆ ಬೆಲೆ ಇಲ್ಲ. ಹಾಗಾಗಿ ಮೊತ್ತದ ನಾರ್ಮ್ 1. ಕೋಶೆಂಟ್ ಮೇಲೆ ನಾರ್ಮ್ 1 ಇರುವ ಒಂದು ಫಂಕ್ಷನಲ್ ತಗೊಳ್ಳಿ. ಅದು 1/10 ಅಥವಾ ಜಾಸ್ತಿ ಬೆಲೆ ಕೊಡುವ ಪ್ರಯಾಣಗಳು 10 ದಾಟಲಾರವು. ದಾಟಿದರೆ ಚಿಹ್ನೆ ಸರಿಹೊಂದಿಸಿ ಕೂಡಿಸಿದಾಗ ಬೆಲೆ 1 ದಾಟಿಬಿಡುತ್ತದೆ. ಮತ್ತೆ ತೊಗರಿ ಲೆಕ್ಕ: ಒಂದು ಫಂಕ್ಷನಲ್ ಎಣಿಕೆಗೆ ಸಿಗುವಷ್ಟು ಪ್ರಯಾಣಗಳನ್ನು ಮಾತ್ರ ಗುರುತಿಸಬಲ್ಲದು, ಅಂದರೆ ಅವಕ್ಕೆ ಮಾತ್ರ ಸೊನ್ನೆಯಲ್ಲದ ಬೆಲೆ ಕೊಡಬಲ್ಲದು. ಎಲ್-ಇನ್ಫಿನಿಟಿಯಲ್ಲಿ ವೆಕ್ಟರ್ ಸೊನ್ನೆಯೋ ಅಲ್ಲವೋ ಅಂತ ತಿಳಿಯಲು ಒಂದನೇ ಜಾಗ, ಎರಡನೇ ಜಾಗ ಹೀಗೆ ಎಣಿಕೆಗೆ ಸಿಗುವಷ್ಟು ಫಂಕ್ಷನಲ್ ಸಾಕು. ಕೋಶೆಂಟ್‌ನಿಂದ ಅಲ್ಲಿಗೆ ಒನ್-ಒನ್ ಆಪರೇಟರ್ ಇದ್ದಿದ್ದರೆ ಕೋಶೆಂಟ್‌ಗೂ ಅಷ್ಟೇ ಸಾಕಾಗಬೇಕಿತ್ತು. ಆದರೆ ಅವೆಲ್ಲ ಸೇರಿದರೂ ಯಾರೂ ಗುರುತಿಸದ ಪ್ರಯಾಣಗಳು ಉಳಿದೇ ಉಳಿಯುತ್ತವೆ.

ಮೂರನೆಯದು ನೀವು ಕೇಳದೆ ಇರುವುದು. ಆದರೂ ಹೇಳದೆ ಬಿಟ್ಟರೆ ಉತ್ತರ ಅರ್ಧ ಆಗುತ್ತದೆ. ಒಂದೇ ಸ್ಪೇಸ್‌ನ ಎರಡು ಡೆನ್ಸ್ ಸಬ್‌ಸ್ಪೇಸ್‌ಗಳು, ಆ ಸ್ಪೇಸ್‌ನದೇ ನಾರ್ಮ್ ಹೊತ್ತು, ಒಂದಕ್ಕೊಂದು ಐಸೊಮಾರ್ಫಿಕ್ ಆಗಿರಬೇಕಾ? ಎಲ್-ಟೂದಲ್ಲೇ ಪೂರ್ತಿ ಸ್ಪೇಸ್ ಒಂದು, ಅದಕ್ಕಿಂತ ಚಿಕ್ಕ ಡೆನ್ಸ್ ಸಬ್‌ಸ್ಪೇಸ್ ಇನ್ನೊಂದು ಅಂತ ತಗೊಂಡರೆ, ಮೊದಲನೆಯದು ಕಂಪ್ಲೀಟ್, ಎರಡನೆಯದು ಅಲ್ಲ ಅಂತ ಸುಲಭವಾಗಿ 'ಬೇಡ' ಅನ್ನಬಹುದು. ಹಾಮೆಲ್ ಡೈಮೆನ್ಶನ್ ಒಂದೇ ಇದ್ದು, ಎರಡೂ ಕಂಪ್ಲೀಟ್ ಅಲ್ಲದೆ ಇದ್ದರೆ? ಎಲ್-ಟೂದಲ್ಲಿ ಡೈಮೆನ್ಶನ್ ಎಣಿಕೆಗೆ ಸಿಗುವ ಡೆನ್ಸ್ ಸಬ್‌ಸ್ಪೇಸ್‌ಗಳೆಲ್ಲ ಗ್ರಾಮ್-ಶ್ಮಿಟ್ ದಯದಿಂದ ಒಂದೇ. ದೊಡ್ಡ ಹಿಲ್ಬರ್ಟ್ ಸ್ಪೇಸ್‌ನಲ್ಲಿ ಆ ನೆಮ್ಮದಿ ಇಲ್ಲ.

ಈ ಸಲ ಗಾಮಾ ರಿಯಲ್ ಸಂಖ್ಯೆಗಳಷ್ಟು ದೊಡ್ಡದು ಇರಲಿ. ಸಾಮಾನ್ಯ ಎಲ್-ಟೂವನ್ನೂ ಗಾಮಾ ಮೇಲಿನ ಎಲ್-ಟೂವನ್ನೂ ಜೋಡಿಸಿ ಒಂದು ಹಿಲ್ಬರ್ಟ್ ಸ್ಪೇಸ್ ಮಾಡಿ. ಚಿಕ್ಕ ಎಲ್-ಟೂದ ಆರ್ಥೊನಾರ್ಮಲ್ ಬೇಸಿಸ್ ತಗೊಂಡು, ಅದನ್ನು ಹಾಮೆಲ್ ಬೇಸಿಸ್ ಆಗುವವರೆಗೆ ಬೆಳೆಸಿ. ಹೊಸದಾಗಿ ಸೇರಿದವು ಗಾಮಾದಷ್ಟೇ ಇರುತ್ತವೆ. ಈಗ ಒಂದು ಲೀನಿಯರ್ ಮ್ಯಾಪ್: ಹಳೆಯವೆಲ್ಲ ಸೊನ್ನೆಗೆ, ಹೊಸವು ಒಂದೊಂದೂ ದೊಡ್ಡ ಕಡೆಯ ಒಂದೊಂದು ಯೂನಿಟ್ ವೆಕ್ಟರ್‌ಗೆ. ಇದು ಬೌಂಡೆಡ್ ಅಲ್ಲ, ಇರಬೇಕಾಗಿಯೂ ಇಲ್ಲ. ಇದರ ಗ್ರಾಫ್, ಅಂದರೆ ವೆಕ್ಟರ್ ಮತ್ತು ಅದರ ಇಮೇಜ್‌ನ ಜೋಡಿಗಳೆಲ್ಲ, ನಮ್ಮ ಸಬ್‌ಸ್ಪೇಸ್.

ಗ್ರಾಫ್ ಡೆನ್ಸ್. ಹಳೆಯವು ಸೊನ್ನೆಗೆ ಹೋಗುವುದರಿಂದ ಗ್ರಾಫ್‌ನ ಕ್ಲೋಶರ್‌ನಲ್ಲಿ ಚಿಕ್ಕ ಎಲ್-ಟೂ ಪೂರ್ತಿ ಇದೆ. ಹೊಸ ಜೋಡಿಯಿಂದ ಅದರ ಚಿಕ್ಕ ಭಾಗ ಕಳೆದರೆ ದೊಡ್ಡ ಕಡೆಯ ಯೂನಿಟ್ ವೆಕ್ಟರ್ ಸಿಗುತ್ತದೆ. ಹಾಗಾಗಿ ಎಲ್ಲವೂ ಕ್ಲೋಶರ್‌ನಲ್ಲಿದೆ. ಆದರೆ ಗ್ರಾಫ್‌ನ ಒಳಗೆ ನಿಂತು ನೋಡಿ. ಹಳೆಯ ಆರ್ಥೊನಾರ್ಮಲ್ ವೆಕ್ಟರ್‌ಗಳಿಗೆಲ್ಲ ಲಂಬವಾಗಿರುವ ಜೋಡಿ ಯಾವುದು? ಚಿಕ್ಕ ಭಾಗ ಸೊನ್ನೆ ಆಗಬೇಕು. ಆಗ ದೊಡ್ಡ ಭಾಗವೂ ಸೊನ್ನೆ. ನಾನ್-ಸೆಪರಬಲ್ ಸ್ಪೇಸ್‌ನಲ್ಲಿ ಡೆನ್ಸ್ ಆಗಿರುವ ಸಬ್‌ಸ್ಪೇಸ್ ಒಳಗೆ ಎಣಿಕೆಗೆ ಸಿಗುವ ಒಂದು ಆರ್ಥೊನಾರ್ಮಲ್ ಸೆಟ್, ಇನ್ನೊಂದು ವೆಕ್ಟರ್ ಸೇರಿಸಲು ಜಾಗವೇ ಇಲ್ಲದೆ, ಮ್ಯಾಕ್ಸಿಮಲ್ ಆಗಿ ನಿಂತಿದೆ! ಮೊದಲ ಸಲ ಇದನ್ನು ಬೋರ್ಡ್ ಮೇಲೆ ಬರೆದ ದಿನ ನಾನೇ ಚಾಕ್‌ಪೀಸ್ ಕೆಳಗಿಟ್ಟು ಮತ್ತೊಮ್ಮೆ ಮೊದಲಿಂದ ನೋಡಿದ್ದೆ.

ಇದನ್ನು ಕೆಲವೇ ಜಾಗದಲ್ಲಿ ಸೊನ್ನೆಯಲ್ಲದ ವೆಕ್ಟರ್‌ಗಳ ಸಬ್‌ಸ್ಪೇಸ್ ಜೊತೆ ಹೋಲಿಸಿ. ಅದೂ ಡೆನ್ಸ್, ಹಾಮೆಲ್ ಡೈಮೆನ್ಶನ್ ಕೂಡ ಅಷ್ಟೇ. ಗ್ರಾಫ್‌ನಿಂದ ಚಿಕ್ಕ ಎಲ್-ಟೂಗೆ ಪ್ರೊಜೆಕ್ಷನ್ ಒನ್-ಒನ್, ಬೌಂಡೆಡ್. ಇನ್ನೊಂದು ಸಬ್‌ಸ್ಪೇಸ್‌ನಿಂದ ಚಿಕ್ಕ ಎಲ್-ಟೂಗೆ ಅಂಥದ್ದು ಅಸಾಧ್ಯ. ಬೌಂಡೆಡ್ ಆಪರೇಟರ್‌ನ ಒಂದೊಂದು ಕೋಆರ್ಡಿನೇಟೂ ಎಣಿಕೆಗೆ ಸಿಗುವಷ್ಟು ಯೂನಿಟ್ ವೆಕ್ಟರ್‌ಗಳನ್ನೇ ಗುರುತಿಸುತ್ತದೆ, ಅದೇ ತೊಗರಿ ಲೆಕ್ಕ. ಹಾಗಾಗಿ ಕ್ಲೋಶರ್ ಒಂದೇ ಆದರೂ ಈ ಎರಡು ಸಬ್‌ಸ್ಪೇಸ್‌ಗಳು ಐಸೊಮಾರ್ಫಿಕ್ ಅಲ್ಲ. ನೀವು ಕಲಿತ ಥಿಯರಮ್‌ನ ಉಲ್ಟಾ ಮಾತು ನಿಲ್ಲುವುದಿಲ್ಲ ಅಂತ ಅರ್ಥ.

ಎಲ್ಲ ಬಾಗಿಲೂ ಮುಚ್ಚಿವೆ ಅಂದುಕೊಳ್ಳಬೇಡಿ. ಒಂದು ವೀಕ್ಲಿ ಕಾಂಪ್ಯಾಕ್ಟ್ ಸೆಟ್‌ನ ಸ್ಪ್ಯಾನ್ ಡೆನ್ಸ್ ಆಗಿರುವ ಬನಾಖ್ ಸ್ಪೇಸ್‌ಗಳ ದೊಡ್ಡ ಕುಟುಂಬ ಇದೆ. ಅವೆಲ್ಲ ಯಾವುದೋ ಒಂದು ಗಾಮಾ ಮೇಲಿನ ಸಿ-ನಾಟ್‌ಗೆ ಒನ್-ಒನ್ ಆಗಿ ಹೋಗುತ್ತವೆ ಅಂತ ಅಮೀರ್ ಮತ್ತು ಲಿಂಡೆನ್‌ಸ್ಟ್ರಾಸ್ 1968ರಲ್ಲಿ ತೋರಿಸಿದರು. 1974ರಲ್ಲಿ ಡೇವಿಸ್, ಫಿಗಿಯೆಲ್, ಜಾನ್ಸನ್, ಪೆಲ್ಚಿನ್‌ಸ್ಕಿ ಸೇರಿ ಇನ್ನೊಂದು ಕಡೆಯಿಂದ ಬಂದರು: ಇವುಗಳೊಳಗೆ, ಇವುಗಳೊಳಗೆ ಮಾತ್ರ, ಒಂದು ರಿಫ್ಲೆಕ್ಸಿವ್ ಸ್ಪೇಸ್ (ತನ್ನ ಡ್ಯೂಯಲ್‌ನ ಡ್ಯೂಯಲ್ ತಾನೇ ಆಗಿರುವುದು; ಡ್ಯೂಯಲ್ ಅಂದರೆ ಒಂದು ಸ್ಪೇಸ್‌ನ ಫಂಕ್ಷನಲ್‌ಗಳ ಸ್ಪೇಸ್) ಡೆನ್ಸ್ ಆಗಿ ಕೂರುತ್ತದೆ. ಪಿ.ಎಚ್‌ಡಿ ಮಾಡುವ ಮನಸ್ಸಿದ್ದರೆ ಇಲ್ಲಿಂದ ಓದಲು ಶುರು ಮಾಡಿ.

ಇನ್ನೂ ಬಿಡಿಸದ ಪ್ರಶ್ನೆಯೂ ಇದೆ. ಇನ್ಫೈನೈಟ್ ಡೈಮೆನ್ಶನ್‌ನ ಪ್ರತಿ ಬನಾಖ್ ಸ್ಪೇಸ್‌ಗೂ ಇನ್ಫೈನೈಟ್ ಡೈಮೆನ್ಶನ್‌ನ ಸೆಪರಬಲ್ ಕೋಶೆಂಟ್ ಇದೆಯಾ? ಇದು ಡೆನ್ಸ್ ಸಬ್‌ಸ್ಪೇಸ್‌ಗಳ ಪ್ರಶ್ನೆಯೇ ಅಂತ 1977ರಲ್ಲಿ ಸ್ಯಾಕ್ಸನ್ ಮತ್ತು ವಿಲಾನ್‌ಸ್ಕಿ ತೋರಿಸಿದರು. ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಹೋಗುವ ಕ್ಲೋಸ್ಡ್ ಸಬ್‌ಸ್ಪೇಸ್‌ಗಳ ಸೀಕ್ವೆನ್ಸ್ ಇರಬೇಕು, ಅವುಗಳ ಯೂನಿಯನ್ ಡೆನ್ಸ್ ಇರಬೇಕು, ಆದರೆ ಪೂರ್ತಿ ಸ್ಪೇಸ್ ಆಗಿರಬಾರದು. ಇಂಥ ಸೀಕ್ವೆನ್ಸ್ ಇದ್ದರೆ ಕೋಶೆಂಟ್ ಇದೆ, ಇಲ್ಲದಿದ್ದರೆ ಇಲ್ಲ. ಬೇರೊಂದು ಬನಾಖ್ ಸ್ಪೇಸ್‌ನ ಡ್ಯೂಯಲ್ ಆಗಿರುವ ಸ್ಪೇಸ್‌ಗಳಿಗೆ ಉತ್ತರ 'ಹೌದು' ಅಂತ ಆರ್ಗಿರೋಸ್, ಡೋಡೋಸ್, ಕನೆಲೋಪೌಲೋಸ್ 2008ರಲ್ಲಿ ಸಾಧಿಸಿದರು.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಮೊದಲ ಉದಾಹರಣೆಯಲ್ಲಿ ಎಲ್-ಟೂ ಬದಲು ಗಾಮಾ ಮೇಲಿನ ಎಲ್-ಫೋರ್ ಹಾಕಿ. ಅಲ್ಲಿ ಪ್ಯಾರಲಲೋಗ್ರಾಮ್ ನಿಯಮ ಇಲ್ಲ. ಒಂದೊಂದು ಜಾಗದಲ್ಲೂ ನಾಲ್ಕನೇ ಘಾತ ಬಿಡಿಸಿ, ಚಿಹ್ನೆಗಳ ಮೇಲೆ ಸರಾಸರಿ ತಗೊಳ್ಳಿ. ಉಳಿಯುವ ಅಡ್ಡ ಪದಗಳು ಒಂದೂ ನೆಗೆಟಿವ್ ಅಲ್ಲ ಅಂತ ಕಂಡ ಕ್ಷಣ ಮುಂದಿನ ದಾರಿ ತಾನೇ ತೆರೆಯುತ್ತದೆ. ಮಾಡಿ ಕಳಿಸಿ, ನಾನು ಓದುತ್ತೇನೆ.